ಗಾಜಿನ ತೋಟದ ಬೂಸ್ಟು ಮತ್ತು ಉಸಿರಿನ ಆರೋಗ್ಯ



ಗಾಜಿನ ಭರಣಿಯೊಳಗೆ ಪುಟ್ಟ ತೋಟ ಬೆಳೆಸುವ ಹವ್ಯಾಸ ಪಟ್ಟಣಗಳಿಂದ ನಾವುಂದದಂತಹ ಊರುಗಳಿಗೂ ಬಂದಿದೆ. ಇದನ್ನು ಟೆರೇರಿಯಂ ಎನ್ನುತ್ತಾರೆ. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಎಂಬವರು ಪತಂಗದ ಕೋಶವೊಂದನ್ನು ಮುಚ್ಚಿದ ಬಾಟಲಿಯಲ್ಲಿಟ್ಟಿದ್ದಾಗ, ಅದರೊಳಗಿನ ತೇವದ ಮಣ್ಣಿನಲ್ಲಿ ಜರಿಗಿಡ ಮೊಳೆತುದನ್ನು ಕಂಡರು. ಹೊರಗಿನ ಕಲ್ಲಿದ್ದಲ ಹೊಗೆಯಲ್ಲಿ ಬಾಳದ ಗಿಡ ಗಾಜಿನೊಳಗೆ ಬಾಳಿತು. ನಮ್ಮ ಕರಾವಳಿಯ ಕಷ್ಟ ಬೇರೆ. ಇಲ್ಲಿ ಕಾಡುವುದು ತೇವ.

ಒಂದೆಡೆ ಅರಬ್ಬೀ ಸಮುದ್ರ, ಪಕ್ಕದ ಮರವಂತೆಯಲ್ಲಿ ಕಡಲಿಗೆ ಒತ್ತಿಕೊಂಡು ಹರಿಯುವ ಸೌಪರ್ಣಿಕೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದ ಮಳೆ. ಪೆಟ್ಟಿಗೆಯ ಬಟ್ಟೆಗೂ ಚರ್ಮದ ಚಪ್ಪಲಿಗೂ ಬೂಸ್ಟು ಹಿಡಿಯುವ ಈ ದಿನಗಳಲ್ಲಿ, ಸದಾ ಒದ್ದೆಯಿರುವ ಭರಣಿಗೆ ಹಿಡಿಯದೆ ಇದ್ದೀತೇ?

ಬೂಸ್ಟು ಒಂದು ಶಿಲೀಂಧ್ರ. ಅದರ ಕಣ್ಣಿಗೆ ಕಾಣದ ಬೀಜಕಗಳು ಗಾಳಿಯಲ್ಲಿ ತೇಲಿ, ಸೂಕ್ಷ್ಮ ಪ್ರಕೃತಿಯವರಲ್ಲಿ ಸೀನು, ನೆಗಡಿ, ಉಬ್ಬಸಗಳನ್ನು ಕೆರಳಿಸುತ್ತವೆ. ಚರಕ ಸಂಹಿತೆಯು ಶ್ವಾಸರೋಗದ ಕಾರಣಗಳಲ್ಲಿ ಧೂಳು, ಹೊಗೆ, ಶೀತಲ ಸ್ಥಾನಗಳನ್ನು ಎಣಿಸಿದೆ. ಕಳೆದ ಮಳೆಗಾಲದಲ್ಲಿ, ಔಷಧಿ ತಪ್ಪದಿದ್ದರೂ ರಾತ್ರಿಯ ಕೆಮ್ಮು ನಿಲ್ಲದ ಬಾಲಕಿಯೊಬ್ಬಳ ಮಲಗುವ ಕೋಣೆಯ ಬಗ್ಗೆ ನಾವು ವಿಚಾರಿಸಿದೆವು. ತಲೆದಿಂಬಿನ ಬಳಿ ಬೂಸ್ಟು ಹಿಡಿದ ಗಾಜಿನ ತೋಟ, ಅದರ ಹಿಂದೆ ಕಪ್ಪಿಟ್ಟ ಗೋಡೆ. ಎರಡೂ ಒಂದೇ ತೇವದ ಮಕ್ಕಳು. ಭರಣಿಯನ್ನು ಜಗಲಿಗೆ ಸಾಗಿಸಿ, ಗೋಡೆಯನ್ನು ಶುಚಿಗೊಳಿಸಿದ ಮೇಲೆ ಅದೇ ಔಷಧಿಯಿಂದ ಮಗು ನೆಮ್ಮದಿಯಾಗಿ ನಿದ್ರಿಸಿತು. ಕಾರಣವನ್ನು ದೂರಮಾಡುವುದೇ ಮೊದಲ ಚಿಕಿತ್ಸೆಯೆಂದು ಸುಶ್ರುತರ ಮತ.

ಬಾರದಂತೆ ತಡೆಯಲು

ಭರಣಿಯ ತಳಕ್ಕೆ ತೊಳೆದ ಮುರಕಲ್ಲಿನ ಚೂರು, ಅದರ ಮೇಲೆ ಗೆರಟೆಯ ಇದ್ದಿಲು, ಆಮೇಲೆ ಮಣ್ಣು ಹಾಕಬೇಕು. ಹಸಿ ಹಟ್ಟಿಗೊಬ್ಬರ ಬೇಡ; ಅದು ಬೂಸ್ಟಿಗೇ ಆಹಾರ. ಮಣ್ಣು ಮತ್ತು ತೆಂಗಿನ ನಾರಿನ ಹುಡಿಯನ್ನು ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ, ಆರಿಸಿ ಬಳಸಿರಿ. ಕಡಲತೀರದ ಮರಳಿನಲ್ಲಿ ಉಪ್ಪಿರುವುದರಿಂದ ಗಿಡ ಸೊರಗುತ್ತದೆ. ಭರಣಿಯ ತಳದಲ್ಲಿ ತೂತಿಲ್ಲವಾದ್ದರಿಂದ ನೀರನ್ನು ಚಮಚದ ಅಳತೆಯಲ್ಲೇ ಹಾಕಬೇಕು. ಬೆಳಿಗ್ಗೆ ಗಾಜಿಗೆ ಹನಿ ಕಟ್ಟುವುದು ಸಹಜ. ಮಧ್ಯಾಹ್ನವಾದರೂ ಮಂಜು ಬಿಡದಿದ್ದರೆ ನೀರು ಹೆಚ್ಚಾಗಿದೆ ಎಂದು ತಿಳಿದು, ಕೆಲವು ಗಂಟೆ ಮುಚ್ಚಳ ತೆರೆದಿಡಿ. ಉದುರಿದ ಎಲೆಯನ್ನು ಅಂದೇ ಹೆಕ್ಕಿರಿ. ಭರಣಿ ಬೆಳಕಿನಲ್ಲಿರಲಿ, ನೇರ ಬಿಸಿಲಿನಲ್ಲಿ ಬೇಡ.

ಬಂದಾಗ ತೆಗೆಯಲು

ಮೊದಲು ಗುರುತಿಸಿರಿ. ಗಟ್ಟಿಯಾದ ಬಿಳಿ ಪದರ ಕಂಡರೆ ಅದು ನೀರಿನ ಲವಣವಿರಬಹುದು. ಹತ್ತಿಯಂತೆ ಮೆತ್ತಗಿದ್ದರೆ ಬೂಸ್ಟು. ಹೊಸ ಭರಣಿಯ ಕಟ್ಟಿಗೆಯ ಮೇಲಿನ ತೆಳು ಬಿಳಿ ಬೂಸ್ಟು ಕೆಲವು ವಾರಗಳಲ್ಲಿ ತಾನೇ ಅಡಗುವುದೂ ಉಂಟು.

ತೆಗೆಯುವಾಗ ಭರಣಿಯನ್ನು ಅಂಗಳಕ್ಕೆ ಒಯ್ದು, ಮುಖಕ್ಕೆ ಮಾಸ್ಕ್ ಧರಿಸಿರಿ. ಒಣ ಬ್ರಶ್ಶಿನಿಂದ ಉಜ್ಜಿದರೆ ಬೀಜಕಗಳು ಹಾರುತ್ತವೆ. ಬೂಸ್ಟು ಹಿಡಿದ ಎಲೆಯನ್ನು ಸುತ್ತಲಿನ ಮಣ್ಣಿನ ಸಮೇತ ಚಮಚದಿಂದ ಎತ್ತಿರಿ. ಕಲ್ಲು, ಗಾಜು, ಕಟ್ಟಿಗೆಗಳನ್ನು ಶೇ. 3ರ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಎರಡು ಮೂರು ದಿನ ಮುಚ್ಚಳ ತೆರೆದಿಡಿ. ಬೇರು ಕೊಳೆತಿದ್ದರೆ ಅಥವಾ ಬೂಸ್ಟು ಮತ್ತೆ ಮತ್ತೆ ಮರಳಿದರೆ, ಮಣ್ಣನ್ನೆಲ್ಲ ಚೆಲ್ಲಿ, ಭರಣಿಯನ್ನು ಸಾಬೂನು ಮತ್ತು ಬಿಸಿನೀರಿನಿಂದ ತೊಳೆದು ಹೊಸದಾಗಿ ಕಟ್ಟುವುದೇ ಲೇಸು.

ಎರಡು ಎಚ್ಚರಿಕೆ

ಬೂಸ್ಟು ಹೋಗಲೆಂದು ಕೋಣೆಯಲ್ಲಿ ಬೇವಿನ ಹೊಗೆ ಹಾಕುವವರಿದ್ದಾರೆ. ಉಬ್ಬಸದವರಿರುವ ಮನೆಯಲ್ಲಿ ಹೊಗೆಯೇ ರೋಗವನ್ನು ಕೆರಳಿಸುತ್ತದೆ, ಅದು ಸಲ್ಲದು. ವೈದ್ಯರು ಕೊಟ್ಟ ಇನ್‌ಹೇಲರನ್ನು, ಮನೆ ಶುಚಿಯಾಯಿತೆಂಬ ಧೈರ್ಯದಿಂದ ಸ್ವಂತ ನಿರ್ಧಾರದಲ್ಲಿ ನಿಲ್ಲಿಸಬಾರದು. ಉಬ್ಬಸದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು ಬೂಸ್ಟು ತೆಗೆಯುವ ಕೆಲಸಕ್ಕೆ ಕೈಹಾಕದೆ ದೂರವಿರಬೇಕು.

ಮನೆಯೊಳಗೆ ಹಸಿರಿರಲಿ, ಅದು ಕಣ್ಣಿಗೂ ಮನಸ್ಸಿಗೂ ಹಿತ. ಆದರೆ ಮಲಗುವ ಕೋಣೆಯಲ್ಲಿ ಕೆಮ್ಮುವ ಮಗುವಿದ್ದರೆ, ಈ ಮಳೆಗಾಲಕ್ಕೆ ಗಾಜಿನ ತೋಟ ಜಗಲಿಯಲ್ಲಿರಲಿ.