‘ನಾಳೆ ಗೆಲ್ಲೋದು ಇವನೇ, ಗ್ಯಾರಂಟಿ’: ಫಾರ್ಮುಲಾ 1 ಭವಿಷ್ಯದ ಫಾರ್ವರ್ಡ್‌ಗಳನ್ನು ಎಷ್ಟು ನಂಬಬಹುದು?

ಫಾರ್ಮುಲಾ 1 ರೇಸ್ ನಡೆಯುವ ವಾರದಲ್ಲಿ ಇಂಥ ಮೆಸೇಜುಗಳು ನಿಮಗೂ ಬಂದಿರಬಹುದು. “ಭಾನುವಾರ ಗೆಲ್ಲೋದು ಇವನೇ, ನೂರಕ್ಕೆ ನೂರು ಗ್ಯಾರಂಟಿ.” “ಹಿಂದಿನ ಮೂರು ರೇಸ್ ಕರೆಕ್ಟಾಗಿ ಹೇಳಿದ್ದೀವಿ, ನಾಲ್ಕನೆಯದು ಬೇಕಾದರೆ ವಿಐಪಿ ಗ್ರೂಪ್ ಸೇರಿ.” ಜೊತೆಗೆ ಒಂದು ಸ್ಕ್ರೀನ್‌ಶಾಟ್, ಒಂದು ಲಿಂಕ್.

ರೇಸ್ ಫಲಿತಾಂಶವನ್ನು ಮೊದಲೇ ಹೇಳಲು ಸಾಧ್ಯವೇ? ಒಂದು ಮಟ್ಟಿಗೆ ಸಾಧ್ಯ. ಆದರೆ ಗ್ಯಾರಂಟಿ ಕೊಡಲು ಯಾರಿಂದಲೂ ಆಗುವುದಿಲ್ಲ. ಈ ಎರಡರ ನಡುವಿನ ವ್ಯತ್ಯಾಸ ತಿಳಿಯಲು 2024ರ ಸೀಸನ್ ಒಳ್ಳೆಯ ಉದಾಹರಣೆ. ಆ ವರ್ಷದ 24 ರೇಸ್‌ಗಳ ಫಲಿತಾಂಶ ಈಗ ನಮ್ಮ ಮುಂದಿದೆ. ಅದನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ.

ಮೊದಲ ರೇಸ್ ನೋಡಿ ಇಡೀ ವರ್ಷ ಹೇಳಬಹುದೇ?

2023ರಲ್ಲಿ ನಡೆದ 22 ರೇಸ್‌ಗಳಲ್ಲಿ 21 ರೇಸ್ ರೆಡ್ ಬುಲ್ ತಂಡದ ಪಾಲಾಗಿದ್ದವು. ಅವುಗಳಲ್ಲಿ 19 ಗೆದ್ದವರು ಮ್ಯಾಕ್ಸ್ ವರ್ಸ್ಟಾಪನ್ ಒಬ್ಬರೇ. 2024ರ ಮೊದಲ ರೇಸ್ ನಡೆದ ಬಹ್ರೇನ್‌ನಲ್ಲೂ ಅವರೇ ಗೆದ್ದರು, ಅದೂ ಸುಮಾರು 22 ಸೆಕೆಂಡುಗಳ ಅಂತರದಲ್ಲಿ. ಎರಡನೇ ಸ್ಥಾನವೂ ಅದೇ ತಂಡಕ್ಕೆ ಸಿಕ್ಕಿತು. ಮ್ಯಾಕ್‌ಲಾರೆನ್ ತಂಡದ ಲ್ಯಾಂಡೋ ನಾರಿಸ್ ಆರನೆಯವರಾಗಿ, ಆಸ್ಕರ್ ಪಿಯಾಸ್ಟ್ರಿ ಎಂಟನೆಯವರಾಗಿ ಮುಗಿಸಿದರು. “ಈ ವರ್ಷವೂ ಎಲ್ಲ ರೆಡ್ ಬುಲ್‌ಗೇ” ಎಂದು ಆ ದಿನ ಯಾರಾದರೂ ಹೇಳಿದ್ದರೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು.

ವರ್ಷದ ಕೊನೆಗೆ ಆ ಮಾತು ಅರ್ಧ ನಿಜವಾಯಿತು, ಅರ್ಧ ಸುಳ್ಳಾಯಿತು. ಚಾಲಕರ ಪ್ರಶಸ್ತಿ 437 ಅಂಕಗಳೊಂದಿಗೆ ವರ್ಸ್ಟಾಪನ್‌ಗೇ ಸಿಕ್ಕಿತು. ಆದರೆ ತಂಡಗಳ ಪ್ರಶಸ್ತಿ ಗೆದ್ದದ್ದು ಮ್ಯಾಕ್‌ಲಾರೆನ್, ಅದೂ 1998ರ ನಂತರ ಮೊದಲ ಬಾರಿಗೆ. ಮ್ಯಾಕ್‌ಲಾರೆನ್ 666 ಅಂಕ, ಫೆರಾರಿ 652 ಅಂಕ ಪಡೆದರೆ, ರೆಡ್ ಬುಲ್ 589 ಅಂಕಗಳೊಂದಿಗೆ ಮೂರನೇ ಸ್ಥಾನಕ್ಕೆ ಇಳಿಯಿತು. 24 ರೇಸ್‌ಗಳನ್ನು ಏಳು ಬೇರೆ ಬೇರೆ ಚಾಲಕರು ಗೆದ್ದರು.

ಬಹ್ರೇನ್‌ನಲ್ಲಿ ಓಡಿದ ಕಾರುಗಳು ವರ್ಷದ ಕೊನೆಯವರೆಗೆ ಹಾಗೇ ಇರುವುದಿಲ್ಲ ಎಂಬುದು ಇದಕ್ಕೆ ಒಂದು ಮುಖ್ಯ ಕಾರಣ. ಸೀಸನ್ ನಡುವೆ ತಂಡಗಳು ಹೊಸ ಭಾಗಗಳನ್ನು ಜೋಡಿಸುತ್ತಲೇ ಇರುತ್ತವೆ. ಮೇ ತಿಂಗಳಲ್ಲಿ ಮಯಾಮಿಗೆ ಬಂದಾಗ ಮ್ಯಾಕ್‌ಲಾರೆನ್ ಕಾರಿನಲ್ಲಿ ದೊಡ್ಡ ಬದಲಾವಣೆಗಳಾಗಿದ್ದವು. ನಾರಿಸ್ ತಮ್ಮ ಮೊದಲ ಫಾರ್ಮುಲಾ 1 ಗೆಲುವನ್ನು ಕಂಡದ್ದು ಅಲ್ಲೇ.

ಗೆಲ್ಲದೇ ಇದ್ದರೂ ಚಾಂಪಿಯನ್ ಆಗಿದ್ದು ಹೇಗೆ?

ಮೊದಲ 10 ರೇಸ್‌ಗಳಲ್ಲಿ ವರ್ಸ್ಟಾಪನ್ 7 ಗೆದ್ದರು. ನಂತರದ 10 ರೇಸ್‌ಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಆ ಹತ್ತನ್ನು ಆರು ಬೇರೆ ಚಾಲಕರು ಹಂಚಿಕೊಂಡರು. ಅಂದರೆ ಪ್ರತಿ ವಾರ “ವರ್ಸ್ಟಾಪನ್ ಗೆಲ್ತಾರೆ” ಎಂದು ಹೇಳುತ್ತಾ ಹೋದವರು ಸತತ ಹತ್ತು ಬಾರಿ ತಪ್ಪಾದರು. “ವರ್ಸ್ಟಾಪನ್ ಚಾಂಪಿಯನ್ ಆಗ್ತಾರೆ” ಎಂದವರು ಮಾತ್ರ ಕೊನೆಗೆ ಸರಿಯಾದರು.

ಇದು ವಿಚಿತ್ರ ಎನಿಸಬಹುದು. ಉತ್ತರ ಅಂಕಗಳ ಲೆಕ್ಕದಲ್ಲಿದೆ. ರೇಸ್ ಗೆದ್ದವರಿಗೆ 25, ಎರಡನೆಯವರಿಗೆ 18, ಮೂರನೆಯವರಿಗೆ 15, ಹೀಗೆ ಹತ್ತನೇ ಸ್ಥಾನದವರೆಗೂ ಅಂಕ ಸಿಗುತ್ತದೆ. ಗೆಲುವಿಲ್ಲದ ಆ ಹತ್ತು ರೇಸ್‌ಗಳಲ್ಲೂ ವರ್ಸ್ಟಾಪನ್ ಆರನೇ ಸ್ಥಾನಕ್ಕಿಂತ ಕೆಳಗೆ ಇಳಿಯಲಿಲ್ಲ. ಒಂದು ರೇಸ್‌ನಲ್ಲಿ ಮಳೆ, ಡಿಕ್ಕಿ, ಬ್ರೇಕ್ ವೈಫಲ್ಯ, ಸೇಫ್ಟಿ ಕಾರ್ ಏನು ಬೇಕಾದರೂ ಆಟ ಕೆಡಿಸಬಹುದು. 24 ರೇಸ್ ಕೂಡಿದಾಗ ಅದೃಷ್ಟ, ದುರದೃಷ್ಟ ಎರಡೂ ಬಹುಮಟ್ಟಿಗೆ ಸರಿದೂಗುತ್ತವೆ. ಹಾಗಾಗಿ ಇಡೀ ಸೀಸನ್ನಿನ ಚಾಂಪಿಯನ್ ಯಾರೆಂದು ಊಹಿಸುವುದಕ್ಕಿಂತ ಈ ಭಾನುವಾರ ಯಾರು ಗೆಲ್ಲುತ್ತಾರೆ ಎಂದು ಹೇಳುವುದು ಸಾಮಾನ್ಯವಾಗಿ ಹೆಚ್ಚು ಕಷ್ಟ.

ಎಲ್ಲ ರೇಸ್‌ಗಳೂ ಒಂದೇ ಥರ ಅಲ್ಲ

2024ರ ಮೊನಾಕೊ ರೇಸ್‌ನಲ್ಲಿ ಮೊದಲ ಹತ್ತು ಮಂದಿ ಯಾವ ಕ್ರಮದಲ್ಲಿ ಹೊರಟರೋ ಅದೇ ಕ್ರಮದಲ್ಲಿ ಮುಗಿಸಿದರು. ಫಾರ್ಮುಲಾ 1 ಇತಿಹಾಸದಲ್ಲಿ ಹಾಗಾದದ್ದು ಅದೇ ಮೊದಲು. ಅಲ್ಲಿನ ರಸ್ತೆಗಳು ಕಿರಿದು, ಮುಂದಿರುವ ಕಾರನ್ನು ದಾಟುವುದು ಬಹಳ ಕಷ್ಟ. ಶನಿವಾರದ ಅರ್ಹತಾ ಸುತ್ತಿನ ಫಲಿತಾಂಶ ನೋಡಿದ್ದ ಯಾರೇ ಆದರೂ ಭಾನುವಾರ ‘ಪಂಡಿತ’ರಾಗಬಹುದಿತ್ತು.

ನವೆಂಬರ್ 3ರಂದು ಬ್ರೆಜಿಲ್‌ನಲ್ಲಿ ಆದದ್ದು ತದ್ವಿರುದ್ಧ. ಜೋರು ಮಳೆಯಲ್ಲಿ ನಡೆದ ಆ ರೇಸನ್ನು ವರ್ಸ್ಟಾಪನ್ 17ನೇ ಸ್ಥಾನದಿಂದ ಹೊರಟು ಗೆದ್ದರು. ಪೋಲ್ ಪೊಸಿಷನ್‌ನಲ್ಲಿದ್ದ ನಾರಿಸ್ ಆರನೆಯವರಾದರು. ಆಲ್ಪೀನ್ ತಂಡದ ಇಬ್ಬರು ಎರಡನೇ ಮತ್ತು ಮೂರನೇ ಸ್ಥಾನ ಪಡೆದರು. ಒಂದೇ ದಿನದಲ್ಲಿ ಆ ತಂಡ ಪಟ್ಟಿಯಲ್ಲಿ ಒಂಬತ್ತರಿಂದ ಆರಕ್ಕೆ ಏರಿತು.

‘ಹಿಂದಿನ ಮೂರೂ ಸರಿಯಾಗಿ ಹೇಳಿದ್ದೇವೆ’ ಎಂಬುದರ ಗುಟ್ಟು

ಒಬ್ಬನ ಬಳಿ 5,000 ನಂಬರ್‌ಗಳಿವೆ ಎಂದುಕೊಳ್ಳಿ. ಗೆಲ್ಲುವ ಸಾಧ್ಯತೆ ಇರುವ ಐದು ಚಾಲಕರನ್ನು ಆರಿಸಿ, ಸಾವಿರ ಸಾವಿರ ಜನಕ್ಕೆ ಒಂದೊಂದು ಹೆಸರು ಕಳಿಸುತ್ತಾನೆ. ಐವರಲ್ಲಿ ಒಬ್ಬರು ಗೆದ್ದರೆ 1,000 ಜನಕ್ಕೆ ಸರಿಯಾದ ಉತ್ತರ ಸಿಕ್ಕಂತಾಯಿತು. ಉಳಿದ 4,000 ಜನರನ್ನು ಅವನು ಮರೆತುಬಿಡುತ್ತಾನೆ. ಮುಂದಿನ ರೇಸ್‌ಗೆ ಆ ಸಾವಿರವನ್ನು ಮತ್ತೆ ಐದು ಭಾಗ ಮಾಡುತ್ತಾನೆ, 200 ಜನ ಉಳಿಯುತ್ತಾರೆ. ಮೂರನೇ ರೇಸ್‌ಗೆ 40 ಜನ.

ಈ 40 ಜನರ ಕಣ್ಣಿಗೆ ಅವನು ಸತತ ಮೂರು ಬಾರಿ ಸರಿಯಾಗಿ ಹೇಳಿದ ಮಹಾಜ್ಞಾನಿ. ಅವನಿಗೋ ರೇಸ್ ಬಗ್ಗೆ ಏನೂ ಗೊತ್ತಿರಬೇಕಾಗಿಲ್ಲ. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಇರುವಷ್ಟೇ ಸಂಬಂಧ ಇಲ್ಲೂ ಇದೆ. ಹಣ ಕೇಳುವ ಮೆಸೇಜ್ ಹೋಗುವುದು ಈ 40 ಜನಕ್ಕೆ ಮಾತ್ರ.

ನಿಜವಾಗಿ ತಿಳಿದವರಿಗೂ ಸತತ ಯಶಸ್ಸು ಸುಲಭವಲ್ಲ. ಪ್ರತಿ ರೇಸ್‌ನಲ್ಲೂ ಸರಿಯಾಗಿ ಹೇಳುವ ಸಾಧ್ಯತೆ ಶೇ 80 ಇದ್ದರೂ ಹತ್ತಕ್ಕೆ ಹತ್ತು ಸರಿಯಾಗುವ ಸಾಧ್ಯತೆ ಸುಮಾರು ಶೇ 11 ಮಾತ್ರ. ಶೇ 60 ಆದರೆ ಅದು ಸಾವಿರಕ್ಕೆ ಆರು.

ಫಲಿತಾಂಶದ ಸ್ಕ್ರೀನ್‌ಶಾಟ್ ಕೂಡ ತಪ್ಪಾಗಬಹುದು

2024ರ ಜುಲೈ 28ರಂದು ಬೆಲ್ಜಿಯಂ ರೇಸ್‌ನಲ್ಲಿ ಮೊದಲು ಗೆರೆ ದಾಟಿದವರು ಮರ್ಸಿಡಿಸ್‌ನ ಜಾರ್ಜ್ ರಸೆಲ್. ಟ್ರೋಫಿಯನ್ನೂ ಎತ್ತಿ ಹಿಡಿದರು. ಆಮೇಲೆ ಕಾರಿನ ಇಂಧನ ತೆಗೆದು ತೂಕ ನೋಡಿದಾಗ 796.5 ಕೆ.ಜಿ. ಬಂತು. ನಿಯಮದ ಪ್ರಕಾರ ಕನಿಷ್ಠ 798 ಕೆ.ಜಿ. ಇರಬೇಕಿತ್ತು. ಒಂದೂವರೆ ಕೆ.ಜಿ. ಕೊರತೆಗೆ ರಸೆಲ್ ಅನರ್ಹರಾದರು, ಗೆಲುವು ಲೂಯಿಸ್ ಹ್ಯಾಮಿಲ್ಟನ್‌ಗೆ ಹೋಯಿತು. ರೇಸ್ ಮುಗಿದ ಕೂಡಲೇ ತೆಗೆದ ಸ್ಕ್ರೀನ್‌ಶಾಟ್ ಆ ಕ್ಷಣಕ್ಕೆ ಸರಿ, ಸಂಜೆಯ ಹೊತ್ತಿಗೆ ತಪ್ಪು.

ಹೆಸರುಗಳ ಗೊಂದಲವೂ ಉಂಟು. ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಗೆದ್ದದ್ದು ನಿಜ, ಹೆಮ್ಮೆಯ ಸಂಗತಿಯೂ ಹೌದು. ಆದರೆ ಅದು ಫಾರ್ಮುಲಾ 2ರ ಸ್ಪ್ರಿಂಟ್ ರೇಸ್. ‘ಫಾರ್ಮುಲಾ 1 ಗೆದ್ದ ಕನ್ನಡಿಗ’ ಎಂದು ಯಾರಾದರೂ ಕಳಿಸಿದರೆ ಆ ಒಂದು ಅಂಕಿ ತಿದ್ದಿ.

ಫಾರ್ವರ್ಡ್ ಒತ್ತುವ ಮುನ್ನ

* ಭವಿಷ್ಯ ಯಾವಾಗ ಹೇಳಿದ್ದು? ರೇಸ್ ಮುಗಿದ ಮೇಲೆ ತೋರಿಸುವ ಹಳೆಯ ಸ್ಕ್ರೀನ್‌ಶಾಟ್‌ಗೆ ಬೆಲೆಯಿಲ್ಲ.
* ತಪ್ಪಾದವು ಎಷ್ಟು? ಸರಿಯಾದವನ್ನು ಮಾತ್ರ ತೋರಿಸುವವರ ಲೆಕ್ಕ ಪೂರ್ತಿ ಲೆಕ್ಕವಲ್ಲ.
* ‘ಗ್ಯಾರಂಟಿ’ ಎನ್ನುತ್ತಾರೋ, ‘ಸಾಧ್ಯತೆ’ ಎನ್ನುತ್ತಾರೋ? ಪ್ರಾಮಾಣಿಕವಾಗಿ ವಿಶ್ಲೇಷಿಸುವವರು ‘ಶೇ 70 ಸಾಧ್ಯತೆ’ ಎನ್ನುತ್ತಾರೆ. ಅಂಥ ಹತ್ತು ಮಾತುಗಳಲ್ಲಿ ಮೂರು ತಪ್ಪಾದರೆ ಅದು ಅವರ ಲೆಕ್ಕಕ್ಕೆ ತಕ್ಕಂತೆಯೇ ಇದೆ.
* ಫಲಿತಾಂಶವಾದರೆ, ಅದು ಅಂತಿಮವೇ? ಅಧಿಕೃತ ಜಾಲತಾಣದಲ್ಲಿ ಒಮ್ಮೆ ನೋಡಿ.
* ಕೊನೆಯಲ್ಲಿ ಹಣ ಕೇಳುತ್ತಾರೆಯೇ? ಹಾಗಿದ್ದರೆ ಅಲ್ಲಿಗೇ ನಿಲ್ಲಿಸಿ.

ಕೊನೆಯ ಅಂಶ ಎಲ್ಲಕ್ಕಿಂತ ಮುಖ್ಯ. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಇಂಥ ಲಿಂಕ್ ನಂಬಿ ನಿಮ್ಮದೋ ಮನೆಯವರದ್ದೋ ಹಣ ಹೋಗಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಗೆಳೆಯರ ನಡುವೆ ಯಾರು ಗೆಲ್ಲುತ್ತಾರೆಂದು ಊಹಿಸುವುದು, ತಪ್ಪಾದಾಗ ಒಬ್ಬರ ಕಾಲು ಒಬ್ಬರು ಎಳೆಯುವುದು ರೇಸ್ ನೋಡುವ ಖುಷಿಯ ಭಾಗವೇ. 17ನೇ ಸ್ಥಾನದಿಂದ ಹೊರಟವರು ಗೆಲ್ಲಬಹುದು ಎಂಬುದಕ್ಕೇ ಅಲ್ಲವೇ ಭಾನುವಾರ ಟಿ.ವಿ. ಮುಂದೆ ಕೂರುವುದು?