ಗಾಂಧಿ ಕ್ಲಾಸಿನ ಗೆಳೆಯರೇ, ಕುತ್ತಿಗೆ ಜೋಪಾನ!

'ಕಾಮನಬಿಲ್ಲು' (1983) ಚಿತ್ರದಲ್ಲಿ ಅಣ್ಣಾವ್ರು ಹಾಕಿದ ಯೋಗಾಸನಗಳನ್ನು ಮರೆತವರುಂಟೇ? 1929ರಲ್ಲಿ ಹುಟ್ಟಿದವರು, ಆಗಲೇ ಐವತ್ತು ದಾಟಿದ್ದರು! ಇಲ್ಲಿ ನೋಡಿದರೆ ಇಪ್ಪತ್ತೈದು ತುಂಬದ ಹೊಸಪೇಟೆ ಹುಡುಗ ಸೆಕೆಂಡ್ ಶೋ ಮುಗಿಸಿ ಹೊರಗೆ ಬಂದವನೇ "ಕುತಿಗಿ ಹಿಡ್ಕಂಡೈತಲೇ..." ಅಂತ ನರಳುತ್ತಾನೆ.

ಗಾಂಧಿ ಕ್ಲಾಸಿನ ಮುಂದಿನ ಸಾಲಿನಲ್ಲಿ ಮೂರು ತಾಸು ಮುಖ ಮೇಲೆತ್ತಿ ಕೂತರೆ ಮತ್ತೇನಾದೀತು? ಹಂಪಿಗೆ ಬಂದವರು ವಿರೂಪಾಕ್ಷ ಗುಡಿಯ ಛಾವಣಿ ಚಿತ್ರಗಳನ್ನು ಹತ್ತು ನಿಮಿಷ ನೋಡಿ ಕುತ್ತಿಗೆ ಉಜ್ಜಿಕೊಳ್ಳುತ್ತಾರೆ, ನಮ್ಮದು ಮೂರು ತಾಸು! ಆಟ ಬಿಟ್ಟ ಮೇಲೆ ಕಂಪ್ಲಿ ಬಸ್ಸಿನಲ್ಲಿ ತಲೆ ತಗ್ಗಿಸಿ ಮೊಬೈಲು ನೋಡೋದು ಬೇರೆ. ಮನುಷ್ಯನ ತಲೆ ಸುಮಾರು 5 ಕಿಲೋ ತೂಗುತ್ತದೆ. ಅದನ್ನು 60 ಡಿಗ್ರಿ ಮುಂದಕ್ಕೆ ಬಗ್ಗಿಸಿದರೆ ಕುತ್ತಿಗೆಯ ಮೇಲೆ 27 ಕಿಲೋ ಭಾರ ಬಿದ್ದಂತೆ ಎಂದು ಅಮೆರಿಕದ ಸರ್ಜನ್ ಕೆನೆತ್ ಹಂಸ್‌ರಾಜ್ 2014ರಲ್ಲಿ ಲೆಕ್ಕ ಹಾಕಿದರು. ಅದು ಕಾಗದದ ಮೇಲಿನ ಲೆಕ್ಕ, ಒಪ್ಪೋಣ. ಆದರೂ ಒಂದು ಅಕ್ಕಿ ಚೀಲಕ್ಕಿಂತ ಹೆಚ್ಚಾಯಿತಲ್ಲ ಸ್ವಾಮಿ!

ಹಾಗಂತ ಬಗ್ಗಿ ಕೂರುವುದೊಂದೇ ವಿಲನ್ ಅಲ್ಲ. ನೆಟ್ಟಗೆ ಕೂತರೂ ಗಂಟೆಗಟ್ಟಲೆ ಅಲ್ಲಾಡದೆ ಇದ್ದರೆ ನೋವು ಬರುತ್ತದೆ. ಸಂಡೂರಿನ ಅದಿರು ಲಾರಿ ಓಡಿಸುವವರನ್ನು ಕೇಳಿ, ಹೇಳುತ್ತಾರೆ.

ಈಗ ಕಸರತ್ತಿಗೆ ಬನ್ನಿ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಮುಖ ಮೇಲೆತ್ತದೆ, ಕೆಳಗೂ ಬಗ್ಗಿಸದೆ, ಗದ್ದವನ್ನು ಮೆಲ್ಲಗೆ ಹಿಂದಕ್ಕೆಳೆದುಕೊಳ್ಳಿ. ಗದ್ದದ ಕೆಳಗೆ ಇನ್ನೊಂದು ಗದ್ದ ಬಂದು ಹೀರೋ ಕಳೆ ಹೋಗುತ್ತದೆ, ಹೋಗಲಿ ಬಿಡಿ! ಐದು ಎಣಿಸಿ ಬಿಡಿ. ಹೀಗೆ ಹತ್ತು ಸಲ. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಇಂಥ ವ್ಯಾಯಾಮಕ್ಕೆ ಹೆಸರಾದವರು. ಆಮೇಲೆ ಅಂಗೈಯನ್ನು ಹಣೆಗೆ ಒತ್ತಿ, ತಲೆ ಅಲ್ಲಾಡದಂತೆ ಹಣೆಯಿಂದ ಕೈಯನ್ನು ಹಗುರವಾಗಿ ತಳ್ಳಿ. ಎರಡೂ ಪಕ್ಕಕ್ಕೆ, ಹಿಂದಕ್ಕೆ ಹಾಗೇ ಮಾಡಿ. ಕೊನೆಗೆ ಬೆನ್ನಿನ ರೆಕ್ಕೆ ಮೂಳೆಗಳೆರಡನ್ನೂ ಹತ್ತಿರ ತಂದು ಐದು ಎಣಿಸಿ. ನೋವು ಜಾಸ್ತಿಯಾದರೆ ನಿಲ್ಲಿಸಿ. ದಿನಾ ಮಾಡಿದರೆ ಕೆಲವು ವಾರಕ್ಕೆ ಗುಣ ಕಾಣುತ್ತದೆ, ಎರಡು ದಿನ ಮಾಡಿ ಬಿಟ್ಟರೆ ಏನೂ ಇಲ್ಲ. ಇಂಟರ್‌ವಲ್ಲಿನಲ್ಲಿ ಸೋಡಾ ಕುಡಿಯುತ್ತಲೇ ಒಂದು ಸುತ್ತು ಮುಗಿಸಬಹುದು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಕಟಿಂಗ್ ಆದ ಮೇಲೆ "ಅಣ್ಣಾ, ಕುತಿಗಿ ಲಟಕ್ ಅನ್ಸು" ಅಂತೀವಲ್ಲ, ಅದು ಬೇಡವೇ ಬೇಡ! 2024ರಲ್ಲಿ ನಮ್ಮ ಪಕ್ಕದ ಬಳ್ಳಾರಿಯಲ್ಲಿ ಮೂವತ್ತರ ಯುವಕನೊಬ್ಬನಿಗೆ ಕ್ಷೌರದಂಗಡಿಯಲ್ಲಿ ತಲೆ ಮಸಾಜ್ ಮಾಡಿ ಕುತ್ತಿಗೆ ತಿರುವಿದರು. ಮನೆಗೆ ಹೋದ ಕೆಲವೇ ಗಂಟೆಯಲ್ಲಿ ಮಾತು ತೊದಲಿತು, ಎಡಭಾಗ ಸೋತಿತು. ಕುತ್ತಿಗೆಯ ರಕ್ತನಾಳ ಹರಿದು ಮೆದುಳಿಗೆ ರಕ್ತ ಕಡಿಮೆಯಾಗಿತ್ತು. ಬೆಂಗಳೂರಿಗೆ ಸಾಗಿಸಿ ಔಷಧ ಕೊಟ್ಟಿದ್ದರಿಂದ ಬದುಕಿಕೊಂಡ. ಕ್ಷೌರಿಕರದೇನೂ ದುರುದ್ದೇಶವಿಲ್ಲ, ಕೇಳುವವರು ನಾವೇ.

ಕೈಗೆ ಜೋಮು ಹಿಡಿದರೆ, ಹಿಡಿತ ಸಡಿಲವಾದರೆ, ನಡಿಗೆ ತೂರಾಡಿದರೆ, ಕುತ್ತಿಗೆ ನೋವಿನ ಜತೆ ಜ್ವರ ಬಂದರೆ, ಇಲ್ಲವೇ ಬೈಕಿನಿಂದ ಬಿದ್ದ ಮೇಲೆ ನೋವು ಶುರುವಾದರೆ ಕಸರತ್ತೂ ಬೇಡ, ಎಣ್ಣೆ ತಿಕ್ಕುವುದೂ ಬೇಡ. ನೇರ ಡಾಕ್ಟರ ಹತ್ತಿರ ಹೋಗಿ. ಮಾತು ತೊದಲಿದರೆ, ಒಂದು ಪಕ್ಕ ಸೋತರೆ 108ಕ್ಕೆ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ.