ಮೂಳೆ ಕೂಡಿತು, ನಡಿಗೆ ಬರಬೇಕಲ್ಲ! ಮನೆಯಲ್ಲೇ ನಾಯಿಗೆ ಫಿಸಿಯೊಥೆರಪಿ

ಇವತ್ತಿನ ಎಪಿಸೋಡ್ ನಾಯಿಗಳ ಬಗ್ಗೆ. ಪೆಟ್ಟಾಗಿ ಮಲಗಿದ ನಾಯಿಯನ್ನು ಮತ್ತೆ ನಡೆಸೋದು ಹೇಗೆ, ಅದರಲ್ಲಿ ನಮ್ಮ ಕೈಲಿ ಆಗೋದು ಎಷ್ಟು ಅನ್ನೋದು ವಿಷಯ.

ಮೊದಲು ನಮ್ಮ ಮನೆ ಕಥೆ ಹೇಳ್ತೀನಿ. ನಮ್ಮದು ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿ. ನಾಯಿ ಹೆಸರು ದಾಸು. ಯಾವ ಜಾತಿ ಅಂತ ಕೇಳಬೇಡಿ, ಊರ ನಾಯಿ. ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಲ್ಲಿ, ಮನೆ ಮುಂದಿನ ತಿರುವಿನಲ್ಲಿ ಯಾವುದೋ ಗಾಡಿ ಅದಕ್ಕೆ ಹೊಡೆದು ಹೋಯಿತು. ನಾನು ಓಡಿಹೋಗಿ ನೋಡಿದಾಗ ಮುಂಗಾಲಲ್ಲಿ ಮೈ ಎಳ್ಕೊಂಡು ಬರ್ತಾ ಇತ್ತು. ಹಿಂದಿನ ಎರಡೂ ಕಾಲು ನೆಲಕ್ಕೆ ಹಾಸಿದ ಬಟ್ಟೆ ಥರ. ಅಜ್ಜ ಜಗುಲಿ ಮೇಲಿಂದಲೇ ನೋಡಿ, "ತಮಾ, ಅದು ಇನ್ನು ಏಳ್ತಿಲ್ಲೆ. ಸುಮ್ನೆ ಹಿಂಸೆ ಕೊಡಡ" ಅಂದರು.

ಅಜ್ಜನ ಮಾತಲ್ಲಿ ಕ್ರೌರ್ಯ ಇರಲಿಲ್ಲ. ನಮ್ಮ ಕಡೆ ಹಿಂಗಾಲು ಹೋದ ನಾಯಿ ಅಂದರೆ ಮುಗಿದ ಕಥೆ ಅಂತಲೇ ಲೆಕ್ಕ. ಯಾಕಂದ್ರೆ ಎದ್ದ ನಾಯಿಯನ್ನು ಹೆಚ್ಚು ಜನ ನೋಡಿಯೇ ಇಲ್ಲ.

ಆ ಹೊತ್ತಲ್ಲಿ ಮಾಡಬೇಕಾದ್ದು ಏನು? ನೋವಲ್ಲಿರೋ ನಾಯಿ ಸಾಕಿದವರನ್ನೂ ಕಚ್ಚುತ್ತೆ. ಉಸಿರಾಟ ಸರಿಯಿದ್ದು ವಾಂತಿ ಆಗ್ತಿಲ್ಲ ಅಂದರೆ ಮಾತ್ರ ಮೂತಿಗೆ ಒಂದು ಬಟ್ಟೆ ಪಟ್ಟಿ ಸಡಿಲವಾಗಿ ಕಟ್ಟಿ. ಎರಡು ಕೈಲಿ ಎತ್ತಿಕೊಳ್ಳಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಎತ್ತುವಾಗಲೇ ಇನ್ನಷ್ಟು ಕೆಡುತ್ತೆ. ಅಗಲವಾದ ಹಲಗೆ ಅಥವಾ ಕಂಬಳಿ ಮೇಲೆ ಮೆಲ್ಲಗೆ ಜಾರಿಸಿ, ಹಾಗೇ ಗಾಡಿಗೆ ಇಡಿ. ಮನೆಯಲ್ಲಿರೋ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆ ಖಂಡಿತ ಕೊಡಬೇಡಿ. ನಮಗೆ ನೋವು ಇಳಿಸೋ ಮಾತ್ರೆಯೇ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಕಿಡ್ನಿ, ಲಿವರ್ ಕೆಡಿಸಬಹುದು. ನಾಯಿ ಕಚ್ಚಿದರೆ ಗಾಯವನ್ನು ಸೋಪು ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಿ.

ನಮ್ಮ ತಾಲ್ಲೂಕಿನ ಪಶು ವೈದ್ಯರು ದಾಸುವಿನ ಹಿಂಗಾಲಿನ ಬೆರಳನ್ನು ಒಂದು ಇಕ್ಕಳದಲ್ಲಿ ಒತ್ತಿದರು. ಅದು ಕಾಲು ಹಿಂದಕ್ಕೆ ಎಳ್ಕೊಂಡಿತು. ನನಗೆ ಖುಷಿ. ಡಾಕ್ಟರು, "ಇರಿ, ಕಾಲು ಎಳ್ಕೊಂಡ್ರೆ ಸಾಲಲ್ಲ" ಅಂದು ಇನ್ನೂ ಸ್ವಲ್ಪ ಒತ್ತಿದರು. ದಾಸು ಕುಂಯ್ ಅಂದು ತಿರುಗಿ ಅವರ ಕೈಯನ್ನೇ ನೋಡಿತು. ಆಗ ಅವರ ಮುಖದಲ್ಲೂ ಸ್ವಲ್ಪ ನಗು ಬಂತು.

ಇದನ್ನು ಅರ್ಥ ಮಾಡ್ಕೊಳ್ಳಿ. ಕಾಲು ಹಿಂದಕ್ಕೆ ಎಳೆಯೋದು ಬರೀ ಬೆನ್ನುಹುರಿಯ ಕೆಲಸ. ಮೆದುಳಿಗೆ ಸುದ್ದಿ ಹೋಗದಿದ್ದರೂ ಅದು ನಡೆಯುತ್ತೆ. ನಾಯಿ ತಿರುಗಿ ನೋಡಿತು, ಕೂಗಿತು ಅಂದರೆ ಮಾತ್ರ ನೋವಿನ ಸುದ್ದಿ ಮೆದುಳಿನ ತನಕ ಮುಟ್ಟಿದೆ ಅಂತ ಅರ್ಥ. ದಾರಿ ಪೂರ್ತಿ ಕಡಿದಿಲ್ಲ. ಆಳದ ನೋವೂ ತಿಳಿಯದ ನಾಯಿ ಮತ್ತೆ ನಡೆಯೋ ಸಾಧ್ಯತೆ ತುಂಬ ಕಡಿಮೆ. ಈ ಪರೀಕ್ಷೆ ಮನೆಯಲ್ಲಿ ಮಾಡಬೇಡಿ, ವೈದ್ಯರಿಗೆ ಬಿಡಿ. ಆದರೆ ಫಲಿತಾಂಶ ಏನು ಅಂತ ಕೇಳಿ ತಿಳ್ಕೊಳ್ಳಿ. ಮುಂದಿನ ತೀರ್ಮಾನವೆಲ್ಲ ಅದರ ಮೇಲೆ ನಿಂತಿರುತ್ತೆ.

ಎಕ್ಸ್‌ರೇಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೋದ್ವಿ. ಸಾಗರದ ಮೇಲೆ ಹೋದರೆ ಸಿದ್ದಾಪುರದಿಂದ ಸುಮಾರು 100 ಕಿಲೋಮೀಟರ್. ಯಲ್ಲಾಪುರದವರಿಗೆ ಹುಬ್ಬಳ್ಳಿ ಹತ್ತಿರ, ಶಿರಸಿಯವರಿಗೆ ಎರಡೂ ದೂರವೇ. ದಾಸುವಿನ ಬೆನ್ನುಹುರಿ ಉಳಿದಿತ್ತು. ಸೊಂಟದ ಮೂಳೆ ಎರಡು ಕಡೆ ಬಿರುಕು ಬಿಟ್ಟಿತ್ತು, ಕಾಲಿನ ನರಕ್ಕೆ ಪೆಟ್ಟಾಗಿತ್ತು. ಮೂಳೆ ಜಾಗ ಬಿಟ್ಟು ಸರಿದಿರಲಿಲ್ಲವಾದ್ದರಿಂದ ಆಪರೇಷನ್ ಬೇಡ ಅಂದರು. ಆರರಿಂದ ಎಂಟು ವಾರ ಓಡಾಟ ಇಲ್ಲದೆ ಇಡಬೇಕು. ಜೊತೆಗೆ ಫಿಸಿಯೊಥೆರಪಿ.

ನಾಯಿಗೆ ಫಿಸಿಯೊಥೆರಪಿಯಾ? ನಾನೂ ಹಾಗೇ ಕೇಳಿದೆ. ಅಮೆರಿಕದಲ್ಲಿ ಇದನ್ನು ಪಶುವೈದ್ಯದ ಪ್ರತ್ಯೇಕ ತಜ್ಞ ವಿಭಾಗ ಅಂತ ಒಪ್ಪಿದ್ದೇ 2010ರಲ್ಲಿ. ನೀರಿನೊಳಗಿನ ಟ್ರೆಡ್‌ಮಿಲ್, ಲೇಸರ್ ಇರೋ ಕ್ಲಿನಿಕ್ ಅಂದರೆ ನಮಗೆ ಬೆಂಗಳೂರಿನ ಮಾತು. ಶಿರಸಿಯಿಂದ 400 ಕಿಲೋಮೀಟರ್. ವಾರಕ್ಕೆ ಮೂರು ಸಲ ಸೊಂಟ ಮುರಿದ ನಾಯಿಯನ್ನು ಯಾರು ಕರ್ಕೊಂಡು ಹೋಗ್ತಾರೆ? ಡಾಕ್ಟರು ಹೇಳಿದ್ದು ಇಷ್ಟು: "ಮೂಳೆ ತಾನೇ ಕೂಡುತ್ತೆ. ನಡಿಗೆ ತಾನೇ ಬರಲ್ಲ. ಅದನ್ನ ಕಲಿಸ್ಬೇಕು. ಬಹುಪಾಲು ಮನೆಯಲ್ಲೇ ಆಗುತ್ತೆ."

ಯಾಕೆ ಕಲಿಸಬೇಕು? ಬಳಸದ ಸ್ನಾಯು ಕೆಲವೇ ದಿನಗಳಲ್ಲಿ ಸೊರಗೋಕೆ ಶುರುವಾಗುತ್ತೆ. ಅಲುಗಾಡದ ಕೀಲು ಬಿಗಿಯಾಗುತ್ತೆ. ಇನ್ನೊಂದು ಮಾತು, ನಾಯಿಯ ದೇಹದ ಭಾರದಲ್ಲಿ ಸುಮಾರು ಶೇ 60 ಮುಂಗಾಲ ಮೇಲೇ ಇರುತ್ತೆ. ಹಿಂಗಾಲು ನೋವಾದರೆ ಅದು ಇನ್ನಷ್ಟು ಭಾರ ಮುಂದಕ್ಕೆ ಹಾಕಿ ಸುಲಭವಾಗಿ ನಿಭಾಯಿಸುತ್ತೆ. ಹಾಗಾಗಿ ಮೂಳೆ ಕೂಡಿದ ಮೇಲೂ ಆ ಕಾಲನ್ನು ಮರೆತೇ ಬಿಡುತ್ತೆ. ಆ ಮರೆವನ್ನು ಬಿಡಿಸೋದೇ ನಮ್ಮ ಕೆಲಸ.

ಈಗ ನಾವು ಮಾಡಿದ್ದು ಹಂತ ಹಂತವಾಗಿ ಹೇಳ್ತೀನಿ. ನಿಮ್ಮ ನಾಯಿಗೆ ಆಗಿರೋದು ಬೇರೆ ಇರಬಹುದು, ಕ್ರಮವೂ ಬೇರೆ ಆಗುತ್ತೆ. ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ಕೂಡದ ಮೂಳೆ ಇರೋ ಕಾಲನ್ನು ಮಡಚಿ ನೀಡಿದರೆ ಅನಾಹುತ.

ಮೊದಲ ಮೂರು ದಿನ. ನಮ್ಮ ಪಕ್ಕದ ಮನೆಯವರು ಬಿಸಿ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ ಅಂದರು. ಬೇಡ. ಹೊಸ ಬಾವಿಗೆ ಶಾಖ ಕೊಟ್ಟರೆ ಬಾವು ಹೆಚ್ಚುತ್ತೆ. ಐಸನ್ನು ಬಟ್ಟೆಯಲ್ಲಿ ಸುತ್ತಿ, ಒಂದು ಸಲಕ್ಕೆ 10 ನಿಮಿಷ, ದಿನಕ್ಕೆ ಮೂರು ಸಲ ಇಟ್ವಿ. ಬಾವು ಇಳಿದ ಮೇಲೆ ಶಾಖ. ಬಚ್ಚಲ ಹಂಡೆ ನೀರಲ್ಲಿ ಟವೆಲ್ ಅದ್ದಿ ಹಿಂಡಿ, ನಮ್ಮ ಮುಂಗೈಗೆ ಇಟ್ಟು ನೋಡಿ, ಹಿತವಾಗಿದ್ದರೆ ಮಾತ್ರ ಅದರ ತೊಡೆಗೆ.

ಮಲಗಿರೋ ನಾಯಿಗೆ ಎರಡು ಅಪಾಯ. ಒಂದು, ಮೂತ್ರ. ಸೊಂಟಕ್ಕೆ, ಬೆನ್ನಿಗೆ ಪೆಟ್ಟಾದ ನಾಯಿ ಮೂತ್ರ ಮಾಡ್ತಾ ಇದೆಯಾ ಅಂತ ಮೊದಲ ದಿನವೇ ಗಮನಿಸಿ. ಮಾಡದಿದ್ದರೆ ಬೆಳಗಿನ ತನಕ ಕಾಯಬೇಡಿ, ಅದು ತುರ್ತು. ಹನಿ ಹನಿ ಸೋರುತ್ತಿದ್ದರೂ ಚೀಲ ತುಂಬಿ ಉಕ್ಕುತ್ತಾ ಇರಬಹುದು. ಎರಡು, ಹಾಸಿಗೆ ಹುಣ್ಣು. ನಾವು ಗೋಣಿಚೀಲದ ಮೇಲೆ ಹಳೇ ಹಾಸಿಗೆ ಹಾಕಿ, ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸ್ತಿದ್ವಿ. ರಾತ್ರಿ ಎರಡು ಗಂಟೆಯ ಪಾಳಿ ಆಯಿದು. ಒಂದು ದಿನವೂ ತಪ್ಪಿಸಲಿಲ್ಲ.

ಎರಡನೇ ವಾರದಿಂದ ಕಾಲಿನ ವ್ಯಾಯಾಮ. ಡಾಕ್ಟರು ಸೊಂಟದ ಕೀಲು ಮುಟ್ಟಬೇಡಿ, ಮಂಡಿ, ಹಿಮ್ಮಡಿ, ಬೆರಳು ಮಾತ್ರ ಅಂದಿದ್ದರು. ನಾಯಿ ಮಗ್ಗುಲಾಗಿ ಮಲಗಿರಬೇಕು. ಒಂದು ಕೈ ಕೀಲಿನ ಮೇಲೆ, ಒಂದು ಕೈ ಅದರ ಕೆಳಗೆ. ಮೆಲ್ಲಗೆ ಮಡಚಿ, ಮೆಲ್ಲಗೆ ನೀಡಿ. ಒಂದೊಂದು ಕೀಲಿಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ನಾಯಿ ತುಟಿ ನೆಕ್ಕಿತು, ಮೈ ಬಿಗಿ ಮಾಡಿತು, ತಿರುಗಿ ನೋಡಿತು ಅಂದರೆ ಅದೇ ಮಿತಿ, ಅಲ್ಲಿಂದ ಮುಂದಕ್ಕೆ ಬೇಡ. ಕೊನೆಗೆ ಪಾದದಿಂದ ತೊಡೆಯ ಕಡೆಗೆ ನೀವೋದು, ಬೆರಳ ಸಂದಿಯಲ್ಲಿ ಕಚಗುಳಿ. ಕಚಗುಳಿಗೆ ಕಾಲು ಎಳ್ಕೊಂಡಷ್ಟು ಸಲ ಸ್ನಾಯುಗೂ ಕೆಲಸ.

ಮೂರನೇ ವಾರ ವೈದ್ಯರು ನಿಲ್ಲಿಸಬಹುದು ಅಂದರು. ಅಜ್ಜನ ಹಳೇ ಪಂಚೆಯನ್ನು ಉದ್ದಕ್ಕೆ ಮಡಚಿ, ತೊಡೆಯ ಮುಂದೆ ಹೊಟ್ಟೆಯ ಕೆಳಗೆ ಹಾಯಿಸಿ, ಎರಡೂ ತುದಿ ಮೇಲೆ ಹಿಡ್ಕೊಂಡ್ವಿ. ಅದು ನಾಯಿಯನ್ನು ನೇತುಹಾಕೋಕೆ ಅಲ್ಲ, ಬೀಳದ ಹಾಗೆ ನೋಡ್ಕೊಳ್ಳೋಕೆ. ಊಟದ ತಟ್ಟೆ ಮುಂದಿಟ್ಟು ಒಂದು ನಿಮಿಷ ನಿಲ್ಲಿಸೋದು, ಆಮೇಲೆ ಎರಡು ನಿಮಿಷ. ನಿಂತಾಗ ಸೊಂಟವನ್ನು ಎಡಕ್ಕೆ, ಬಲಕ್ಕೆ ಹಗುರಾಗಿ ತಳ್ಳೋದು. ಬೀಳಬಾರದು ಅಂತ ಅದು ತಾನೇ ಆ ಕಾಲಿಗೆ ಭಾರ ಹಾಕುತ್ತೆ.

ನೆಲದ ಬಗ್ಗೆ ಒಂದು ಮಾತು. ಟೈಲ್ಸ್ ನೆಲ ಇಂಥ ನಾಯಿಗೆ ಶತ್ರು. ಒಂದು ಸಲ ಜಾರಿದರೆ ಹದಿನೈದು ದಿನದ ಕೆಲಸ ನೀರಲ್ಲಿ ಹೋಮ. ನಾವು ಜಗುಲಿ ಬಿಟ್ಟು ಸಗಣಿ ಸಾರಿಸಿದ ಅಂಗಳಕ್ಕೆ ಬಂದ್ವಿ. ಮನೆಯೊಳಗೆ ಗೋಣಿಚೀಲ ಹಾಸಿದ್ವಿ.

ಈಗ ನನ್ನ ತಪ್ಪು ಹೇಳ್ತೀನಿ. ನಾಲ್ಕನೇ ವಾರ ದಾಸು ಹತ್ತು ಹೆಜ್ಜೆ ನಡೆಯಿತು. ನಾನು ಖುಷಿಯಲ್ಲಿ ಪಂಚೆ ಬಿಟ್ಟು, ಸ್ಟೇಟಸ್‌ಗೆ ಹಾಕೋಣ ಅಂತ ವಿಡಿಯೊ ಶುರು ಮಾಡಿದೆ. ಅಂಗಳದಲ್ಲಿ ಮಂಗ ಬಂತು. ದಾಸು ಓಡೋಕೆ ಹೋಗಿ ಬಿತ್ತು. ಮತ್ತೆ ಆರು ದಿನ ಏಳಲಿಲ್ಲ. ಆ ಆರು ದಿನ ನಾನು ಅಜ್ಜನ ಮುಖ ನೋಡಲಿಲ್ಲ. ನಾಯಿಗೆ ಉತ್ಸಾಹ ಮೊದಲು ಬರುತ್ತೆ, ಬಲ ಆಮೇಲೆ. ಹಾಗಾಗಿ ಗುಣವಾಗ್ತಿದೆ ಅನ್ನಿಸಿದಾಗಲೇ ಹಗ್ಗ ಬಿಗಿಯಾಗಿ ಹಿಡೀಬೇಕು.

ರಜೆ ಮುಗಿದು ನಾನು ಬೆಂಗಳೂರಿಗೆ ಹೊರಡೋ ದಿನ ಬಂತು. ಇನ್ನು ಮಾಡೋರು ಯಾರು? ಅಜ್ಜ ಕೋಲು ಊರಿಕೊಂಡು ಬಂದು ದಾಸುವಿನ ಪಕ್ಕ ಕೂತರು. ಎರಡು ವರ್ಷದ ಹಿಂದೆ ಅವರೂ ಬಿದ್ದು ಸೊಂಟದ ಆಪರೇಷನ್ ಆಗಿತ್ತು. ಕೂತು ಏಳೋ ವ್ಯಾಯಾಮ ಹೇಳಿಕೊಟ್ಟಿದ್ದರು. ಬೇಜಾರು ಅಂತ ವಾರಕ್ಕೇ ಬಿಟ್ಟಿದ್ದರು. "ಇದು ಎನ್ನ ಹಾಂಗೆ ಅಪ್ಪದು ಬ್ಯಾಡ, ತೋರ್ಸು ಎಂತ ಮಾಡವು ಹೇಳಿ" ಅಂದರು.

ಐದನೇ ವಾರದಿಂದ ಅಜ್ಜನ ಪಾಳಿ. ಹಗ್ಗ ಹಿಡಿದು ನಿಧಾನ ನಡಿಗೆ, ಮೊದಲು ಐದು ನಿಮಿಷ. ಇಲ್ಲಿ ನಿಧಾನವೇ ಮದ್ದು. ಬೇಗ ಹೋದರೆ ನಾಯಿ ನೋವಿನ ಕಾಲು ಎತ್ತಿ ಮೂರೇ ಕಾಲಲ್ಲಿ ಕುಪ್ಪಳಿಸುತ್ತೆ. ಮೆಲ್ಲಗೆ ಹೋದರೆ ನಾಲ್ಕೂ ಊರಲೇಬೇಕು. ಕೋಲು ಹಿಡಿದ ಅಜ್ಜನಿಗಿಂತ ನಿಧಾನವಾಗಿ ನಡೆಯೋರು ನಮ್ಮ ಮನೆಯಲ್ಲಿ ಬೇರೆ ಇರಲಿಲ್ಲ!

ಆಮೇಲೆ ಅಡಿಕೆ ದಬ್ಬೆಗಳನ್ನು ಹೆಜ್ಜೆ ಅಂತರಕ್ಕೆ ನೆಲದ ಮೇಲೆ ಸಾಲಾಗಿ ಇಟ್ಟು ದಾಟಿಸಿದರು. ಪಾದ ಎಲ್ಲಿದೆ ಅಂತ ನಾಯಿಗೆ ಮತ್ತೆ ಗೊತ್ತಾಗೋದು ಹೀಗೆ. ನರ ಸೋತ ನಾಯಿ ಪಾದ ಮಗುಚಿ ಬೆನ್ನ ಮೇಲೆ ನಡೆದು ಚರ್ಮ ಸವೆಸಿಕೊಳ್ಳುತ್ತೆ, ಅದಕ್ಕೆ ಹಳೇ ಕಾಲುಚೀಲ ಹಾಕಿದ್ದರು. ಮುಂದೆ ಕೂತು ಏಳೋದು, ಐದೈದು ಸಲ. ಕೊನೆಗೆ ತೋಟದ ದಾರಿಯ ಏರು. ಏರು ಹತ್ತುವಾಗ ಭಾರ ಹಿಂಗಾಲಿಗೆ ಬೀಳುತ್ತೆ.

ನೀರಿನ ವಿಚಾರ ಕೇಳ್ತೀರಿ ಅಂತ ಗೊತ್ತು. ನೀರು ನಾಯಿಯ ಸೊಂಟದ ಕೀಲಿನ ತನಕ ಬಂದರೆ ಕಾಲಿನ ಮೇಲೆ ಬೀಳೋದು ದೇಹದ ಭಾರದ ಸುಮಾರು ಶೇ 38 ಮಾತ್ರ. ಮಂಡಿ ತನಕ ಬಂದರೆ ಶೇ 85. ಟ್ರೆಡ್‌ಮಿಲ್ ತೊಟ್ಟಿಯ ಗುಟ್ಟು ಇಷ್ಟೇ. ಹಾಗಂತ ಹೊಳೆಗೆ ಇಳಿಸಬೇಡಿ. ಸೆಳೆತ, ಜಾರುಬಂಡೆ ಎರಡೂ ಅಪಾಯ. ಗಾಯ, ಹೊಲಿಗೆ ಆರುವ ತನಕ ಯಾವ ನೀರೂ ಬೇಡ.

ಫೋನಿನಿಂದ ನಿಜಕ್ಕೂ ಆದ ಉಪಕಾರ ಒಂದಿದೆ. ಪ್ರತಿ ಭಾನುವಾರ ಆಯಿ ಅದೇ ಜಾಗದಲ್ಲಿ ನಿಂತು, ಹಿಂದಿನಿಂದ ಮತ್ತು ಪಕ್ಕದಿಂದ ಅರ್ಧ ನಿಮಿಷದ ವಿಡಿಯೊ ತೆಗೆದು ಡಾಕ್ಟರಿಗೆ ಕಳಿಸ್ತಿದ್ದರು. ದರ್ಜಿ ಟೇಪಲ್ಲಿ ಎರಡೂ ತೊಡೆಯ ಸುತ್ತಳತೆ ಅಳೆದು ಕ್ಯಾಲೆಂಡರಲ್ಲಿ ಬರೀತಿದ್ದರು. ದಿನಾ ನೋಡೋ ಕಣ್ಣಿಗೆ ಕಾಣದ ಬದಲಾವಣೆ ಅಲ್ಲಿ ಕಾಣುತ್ತೆ.

ಎಲ್ಲ ನಾಯಿಯೂ ಏಳುತ್ತೆ ಅಂತ ನಾನು ಹೇಳಲ್ಲ. ಬೆನ್ನುಹುರಿ ಕಡಿದಿದ್ದರೆ ಈ ವ್ಯಾಯಾಮದಿಂದ ಅದು ಕೂಡಲ್ಲ. ಕೆಲವು ನಾಯಿ ಚಕ್ರದ ಗಾಡಿ ಕಟ್ಟಿಕೊಂಡು ಚೆನ್ನಾಗೇ ಬದುಕುತ್ತವೆ. ಬೆಂಗಳೂರಿನ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್‌ಗೆ ಆ ಹೆಸರು ಬಂದಿದ್ದು ಚಾರ್ಲಿ ಅನ್ನೋ ಮೂರು ಕಾಲಿನ ನಾಯಿಯಿಂದ. ಇನ್ನು ಕೆಲವಕ್ಕೆ ನೋವು ತೀರೋದೇ ಇಲ್ಲ. ಆಗ ನೆಮ್ಮದಿಯ ಸಾವು ಕೊಡಿಸೋದೂ ಪ್ರೀತಿಯೇ. ಆದರೆ ಆ ತೀರ್ಮಾನ ಪರೀಕ್ಷೆ ಆದ ಮೇಲೆ, ವೈದ್ಯರ ಜೊತೆ ಕೂತು ಆಗಬೇಕು. ಜಗುಲಿ ಮೇಲಿಂದ ಅಲ್ಲ.

ಹತ್ತನೇ ವಾರದ ವಿಡಿಯೊ ನನ್ನ ಫೋನಲ್ಲಿ ಇನ್ನೂ ಇದೆ. ಅಜ್ಜ ಮೆಟ್ಟಿಲ ಮೇಲೆ ಕೂತಿದ್ದಾರೆ. ದಾಸು ಅಂಗಳದ ಆ ತುದಿಯಲ್ಲಿ ಮಲಗಿದೆ. ಆಯಿ ದೋಸೆ ಚೂರು ತೋರಿಸ್ತಾರೆ. ಯಾರೂ ಹಿಡಿಯದೆ ದಾಸು ಎದ್ದು, ಸ್ವಲ್ಪ ಬಲಕ್ಕೆ ವಾಲಿಕೊಂಡು, ನಾಲ್ಕೂ ಕಾಲು ಊರಿ ಬರುತ್ತೆ. ಹಿಂದಿನಿಂದ ಅಜ್ಜನ ದನಿ: "ತಮಾ, ಎದ್ತಲೋ ಇದು!"

ಈಗಲೂ ಅದು ಕುಂಟುತ್ತೆ. ಮಳೆಗಾಲದ ಚಳಿಯಲ್ಲಿ ಬೆಳಿಗ್ಗೆ ಏಳೋಕೆ ಹೊತ್ತು ಬೇಕು. ಅಜ್ಜನಿಗೂ ಅಷ್ಟೇ. ಇಬ್ಬರೂ ಬಿಸಿಲು ಬಂದ ಮೇಲೆ ತೋಟದ ಏರು ಹತ್ತಿ ಬರ್ತಾರೆ.

ನಿಮ್ಮ ಮನೆಯಲ್ಲಿ ಇಂಥ ನಾಯಿ ಮಲಗಿದ್ದರೆ ಇವತ್ತೇ ಮಾಡೋಕೆ ಎರಡು ಕೆಲಸ. ಒಂದು, ಪಶು ವೈದ್ಯರನ್ನು ಕೇಳಿ: ಇದಕ್ಕೆ ಆಳದ ನೋವು ತಿಳಿಯುತ್ತಾ, ಯಾವ ಕೀಲು ಆಡಿಸಬಹುದು, ಯಾವುದು ಬೇಡ? ಎರಡು, ದಿನಕ್ಕೆ ಮೂರು ಸಲ ಹತ್ತು ನಿಮಿಷ ಯಾರು ಕೊಡ್ತೀರಿ ಅಂತ ಮನೆಯಲ್ಲಿ ಕೂತು ಹಂಚಿಕೊಳ್ಳಿ. ಇಂಥ ನಾಯಿ ಇರೋ ಮನೆ ಗೊತ್ತಿದ್ದರೆ ಈ ಎಪಿಸೋಡನ್ನು ಅವರಿಗೂ ಕಳಿಸಿ.